ಒಂದು ಕಾಲಿಗೆ ಸಪೂರ, ಇನ್ನೊಂದಕ್ಕೆ ಅಗಲ

ನಮ್ಮ ಹಿನೊಸಾವಾದಲ್ಲಿ ಒಬ್ಬನಿಗೆ ಒಂದು ಕೆಲಸ ಬರುತ್ತದೆ ಎಂದು ತೋರಿಸುವುದು ಸುಲಭ, ಬರುವುದಿಲ್ಲ ಎಂದು ನಂಬಿಸುವುದೇ ಕಷ್ಟ. “ನನಗೇನೂ ಗೊತ್ತಿಲ್ಲ” ಎಂದು ಯಾರಾದರೂ ಬಾಗಿ ಹೇಳಿದರೆ ನಾವು ಅವನಿಗಿಂತ ಎರಡಂಗುಲ ಜಾಸ್ತಿಯೇ ಬಾಗಿ, ತುಂಬಿದ ಕೊಡ ತುಳುಕುವುದಿಲ್ಲ ಎಂದುಕೊಂಡು, ಆ ಕೆಲಸವನ್ನು ಅವನ ತಲೆಗೇ ಕಟ್ಟಿಬಿಡುತ್ತೇವೆ. ಇದು ಹಿರಿಯರ ಕಾಲದಿಂದ ಬಂದ ಮರ್ಯಾದೆ. ಉಪ್ಪಿನಕಾಯಿ ಅಂಗಡಿಯ ತೊಗಾಶಿ ಸಿಕ್ಕಿಬಿದ್ದದ್ದು ಈ ಮರ್ಯಾದೆಯ ಕೈಗೆ.

ತೊಗಾಶಿಯ ಅಂಗಡಿಯ ಎದುರಿಗೇ ನನ್ನ ಕ್ಷೌರದಂಗಡಿ. ಹಾಗಾಗಿ ಈ ವಿಷಯದಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲ. ಐವತ್ತೇಳು ವರ್ಷದ ಮನುಷ್ಯ. ಮೂಲಂಗಿಯನ್ನು ಉಪ್ಪಿಗೆ ಹಾಕುವುದು, ತೆಗೆಯುವುದು, ಗಿರಾಕಿ ಏನು ಹೇಳಿದರೂ “ಹೌದೌದು, ನೀವು ಹೇಳೋದೇ ಸರಿ” ಎನ್ನುವುದು, ಇಷ್ಟೇ ಅವನ ವಿದ್ಯೆ. ಹಿಮದ ನಾಡಿನಲ್ಲಿ ಹುಟ್ಟಿಯೂ ಒಂಬತ್ತನೇ ವಯಸ್ಸಿನಲ್ಲಿ ಒಮ್ಮೆ ಸ್ಕೀ ಕಟ್ಟಿ ಮಣಿಕಟ್ಟು ಮುರಿದುಕೊಂಡವನು ಮತ್ತೆ ಅದರ ತಂಟೆಗೆ ಹೋದವನಲ್ಲ.

ಊರಿನಲ್ಲಿ ಎರಡು ಕೇರಿ. ನಮ್ಮದು ಮೇಲ್ಕೇರಿ. ನನ್ನ ಅಂಗಡಿಯ ಪಕ್ಕದಲ್ಲೇ ಎರಡಕ್ಕೂ ಸೇರಿದ ಸಮುದಾಯ ಭವನ ಒಂದಿದೆ, ಅದರ ಛಾವಣಿಯ ಮೇಲೆ ಪ್ರತಿ ಚಳಿಗಾಲ ಎದೆಮಟ್ಟ ಹಿಮ ಬೀಳುತ್ತದೆ. ಅದನ್ನು ಎತ್ತಿ ಎಸೆಯದಿದ್ದರೆ ಭವನವೇ ಕುಸಿಯುತ್ತದೆ. ಎಸೆಯುವವರು ಯಾರು? ಜನವರಿಯ ಎರಡನೇ ಭಾನುವಾರ ಎರಡೂ ಕೇರಿಯ ನಡುವೆ ಸ್ಕೀ ಪಂದ್ಯ ನಡೆಯುತ್ತದೆ. ಸೋತವರು ಆ ಚಳಿಗಾಲವೆಲ್ಲ ಛಾವಣಿ ಹತ್ತಬೇಕು. ನಾವು ಸತತವಾಗಿ ಆರು ವರ್ಷ ಸೋತಿದ್ದೆವು. ಮೇಲ್ಕೇರಿಯವರ ಸರಾಸರಿ ವಯಸ್ಸು ಎಪ್ಪತ್ತೊಂದು. ಛಾವಣಿ ಹತ್ತಬಲ್ಲ ಗಂಡಸರು ಇಬ್ಬರೇ ಇಬ್ಬರು: ತೊಗಾಶಿ ಮತ್ತು ನಾನು. ನನಗೋ ಎತ್ತರಕ್ಕೆ ಹೋದರೆ ತಲೆಸುತ್ತು, ಅದಕ್ಕೆ ವೈದ್ಯರ ಚೀಟಿಯೇ ಇದೆ. ಸ್ಕೀ ಕಟ್ಟಿ ಗುಡ್ಡದಿಂದ ಇಳಿಯುವಾಗ ನನಗೆ ತಲೆ ಸುತ್ತುವುದಿಲ್ಲ, ಸಲಿಕೆ ಹಿಡಿದು ಛಾವಣಿ ಹತ್ತುವಾಗ ಮಾತ್ರ ಸುತ್ತುತ್ತದೆ. ಇದು ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ್ದು, ನಾವು ತಲೆಹಾಕಬಾರದು.

ಹೀಗಾಗಿ ಆರು ಚಳಿಗಾಲ ತೊಗಾಶಿಯೊಬ್ಬನೇ ಹಿಮ ಎತ್ತಿದ. ಕಳೆದ ಮಾರ್ಚಿನಲ್ಲಿ ಅವನ ಸೊಂಟ ಹಿಡಿದುಕೊಂಡಿತು. ಇನ್ನೊಂದು ಚಳಿಗಾಲ ಛಾವಣಿ ಹತ್ತಿದರೆ ಆಮೇಲೆ ನೆಟ್ಟಗೆ ನಿಲ್ಲುವ ಆಸೆ ಬಿಡಬೇಕು ಎಂದು ವೈದ್ಯರು ಅವನ ಹೆಂಡತಿ ಫುಸಾಎಗೆ ಹೇಳಿದ್ದರು. ಫುಸಾಎ ಅದನ್ನು ಕೇರಿಗೆಲ್ಲ ಹೇಳಿದ್ದಳು. ಕೇರಿಯವರು “ಪಾಪ, ಪಾಪ” ಎಂದು ಬಾಗಿ ಮನೆಗೆ ಹೋಗಿದ್ದರು.

ಹೊಸ ವರ್ಷದ ರಜೆಗೆ ತೊಗಾಶಿಯ ಷಡ್ಡಕ ನೆಜು ಟೋಕಿಯೊದಿಂದ ಬಂದ. ಕಾರಿನ ತಲೆಯ ಮೇಲೆ ಎರಡು ಜೊತೆ ಸ್ಕೀ ಹಲಗೆ. ಸಂಜೆ ಕೊತಾತ್ಸು ಎಂಬ ಹೊದಿಕೆಯ ಬಿಸಿ ಮೇಜಿನ ಕೆಳಗೆ ಕಾಲು ಚಾಚಿ, ಸಾಕೆ ಎಂಬ ಅಕ್ಕಿಯ ಮದ್ಯ ಕುಡಿಯುತ್ತ, ತಾನು ಕೊಂಡ ಹಲಗೆಗಳ ಪುರಾಣ ಶುರುಮಾಡಿದ. ನಾನೂ ಅಲ್ಲಿದ್ದೆ, ಹೊಸ ವರ್ಷದ ಗಂಜಿಗೆ ಕರೆದಿದ್ದರು.

“ನೋಡಣ್ಣ, ಹಿಮ ಗಟ್ಟಿಯಾಗಿದ್ರೆ ಸಪೂರದ್ದು. ಅಂಚು ಚೆನ್ನಾಗಿ ಕಚ್ಚುತ್ತೆ, ಜಾರಲ್ಲ. ಹೊಸಾ ಹಿಮ ಮೆತ್ತಗೆ ಬಿದ್ದಿದ್ರೆ ಅಗಲದ್ದು. ಹೂತುಹೋಗದೆ ಮೇಲೆ ತೇಲುತ್ತೆ. ಹಲಗೆ ತಪ್ಪಿದ್ರೆ ದಿನಾನೇ ಹಾಳು.” ಫೋನು ನೋಡಿ, “ನಾಳೆ ಬಿಸಿಲಂತೆ. ಸಪೂರದ್ದೇ ತಗೋತೀನಿ” ಎಂದ.

“ಹೌದೌದು, ನೀನು ಹೇಳೋದೇ ಸರಿ” ಎಂದ ತೊಗಾಶಿ.

ನೆಜು ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. “ಬಿಡಿ, ಅಣ್ಣಂಗೆ ಇದೆಲ್ಲ ಎಲ್ಲಿ ತಿಳಿಯುತ್ತೆ? ಮೂಲಂಗಿ ನೋಡ್ಕೊಂಡಿರೋರು” ಎಂದು ನಕ್ಕ. ಫುಸಾಎಯ ತಂಗಿಯೂ ನಕ್ಕಳು. ಫುಸಾಎ ನಗಲಿಲ್ಲ, ಆದರೆ ಗಂಡನ ಕಡೆ ನೋಡಿದಳು. ಆ ನೋಟಕ್ಕೋ, ಒಳಗಿದ್ದ ನಾಲ್ಕನೇ ಬಟ್ಟಲಿಗೋ, ತೊಗಾಶಿ ಎದ್ದ. ಕಿಟಕಿ ತೆರೆದ. ಹೊರಗೆ ಮುಖ ಹಾಕಿ ಎರಡು ಸಲ ಜೋರಾಗಿ ಮೂಸಿದ. ಕಿಟಕಿ ಮುಚ್ಚಿ ಬಂದು ಕೂತ.

“ಅಗಲ” ಎಂದ.

“ಏನಣ್ಣ?”

“ನಾವು ಇಲ್ಲಿಯವರು ಫೋನು ನೋಡಲ್ಲಪ್ಪ, ಹಿಮ ಮೂಸ್ತೀವಿ. ನಾಳೆ ಅಗಲದ್ದು ತಗೊಂಡ್ಹೋಗು.”

ಬೆಳಗಾಗುವಷ್ಟರಲ್ಲಿ ಸೊಂಟಮಟ್ಟ ಹಿಮ ಬಿದ್ದಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ನೆಜು ಇಡೀ ದಿನ ಅಗಲದ ಹಲಗೆಯ ಮೇಲೆ ತೇಲಿ, ಸಂಜೆ ಊರಿನ ಬಿಸಿನೀರಿನ ಸ್ನಾನದ ಮನೆಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತು, “ನಮ್ಮಣ್ಣಂದು ಮೂಗಲ್ಲ, ಯಂತ್ರ” ಎಂದು ಸಾರಿದ. ಕೇರಿಗೆ ಸುದ್ದಿ ಹಬ್ಬಿಸಿದ್ದು ನಾನು ಎಂದು ಕೆಲವರು ಹೇಳುತ್ತಾರೆ. ಅದು ಶುದ್ಧ ಸುಳ್ಳು. ನಾನು ಹೇಳಿದ್ದು ಬರೀ ಏಳು ಜನಕ್ಕೆ, ಅದೂ ಅವರು ಕ್ಷೌರಕ್ಕೆ ಬಂದಾಗ, ಕುರ್ಚಿ ಬಿಟ್ಟು ಏಳಲಾಗದ ಸ್ಥಿತಿಯಲ್ಲಿದ್ದಾಗ.

ಮೂರನೆಯ ದಿನ ಮೇಲ್ಕೇರಿ ಸಂಘದ ಅಧ್ಯಕ್ಷರಾದ ಕುವಾಬಾರಾ ಅವರು ಒಣಗಿಸಿದ ಪರ್ಸಿಮನ್ ಹಣ್ಣಿನ ಪೆಟ್ಟಿಗೆ ಹಿಡಿದು ತೊಗಾಶಿಯ ಅಂಗಡಿಗೆ ಬಂದರು. ಎಪ್ಪತ್ತೆಂಟರ ವಯಸ್ಸಿನಲ್ಲೂ ಕೋಲು ಹಿಡಿಯದೆ ನಡೆಯುವ ಗಟ್ಟಿ ಮನುಷ್ಯ. ಒಂದು ವಿಷಯ ಇಲ್ಲಿ ಹೇಳಬೇಕು. ಹಿಂದೊಮ್ಮೆ ಪಂದ್ಯದ ಬೆಳಿಗ್ಗೆ ಒಂದು ಕೇರಿಯವರು ಹಲಗೆ ಬದಲಾಯಿಸಿದರೆಂದು ಜಗಳವಾಗಿ ನಾಲ್ಕು ವರ್ಷ ಎರಡು ಕೇರಿಯವರೂ ಮಾತು ಬಿಟ್ಟಿದ್ದರು. ಅಂದಿನಿಂದ ಹಲಗೆ ಕೊಡುವುದು ಪುರಸಭೆ. ಸಪೂರವೋ ಅಗಲವೋ ಎಂದು ಹಿಂದಿನ ಸಂಜೆ ಐದು ಗಂಟೆಯೊಳಗೆ ಅರ್ಜಿಗೆ ಮುದ್ರೆ ಒತ್ತಿ ಕೊಡಬೇಕು. ಆಮೇಲೆ ಬ್ರಹ್ಮ ಬಂದರೂ ಬದಲಿಲ್ಲ. ಹವಾಮಾನ ವರದಿ ನಂಬೋಣವೆಂದರೆ ಅದು ಬರುವುದು ಕಡಲ ತೀರದ ದೊಡ್ಡ ಊರಿಗೆ, ನಮ್ಮ ಕಣಿವೆ ಅದಕ್ಕೆ ಸದಾ ವಿರುದ್ಧ. ಆರು ವರ್ಷವೂ ನಾವು ಹಲಗೆ ತಪ್ಪಿಯೇ ಸೋತಿದ್ದೆವು.

“ತೊಗಾಶಿ ಸಾನ್, ಈ ಸಲ ಹಲಗೆ ಆರಿಸೋದು ನೀವೇ” ಎಂದರು ಅಧ್ಯಕ್ಷರು.

ತೊಗಾಶಿ ಬೆವೆತ. “ಅಧ್ಯಕ್ಷರೇ, ದಯವಿಟ್ಟು ಬೇಡ. ನಂಗೆ ಹಿಮದ ಬಗ್ಗೆ ಏನಂದ್ರೆ ಏನೂ ಗೊತ್ತಿಲ್ಲ.”

ಅಧ್ಯಕ್ಷರು ಕಣ್ಣು ಮುಚ್ಚಿ ತಲೆದೂಗಿದರು. “ನಮ್ಮಪ್ಪನೂ ಹಿಂಗೇ ಅಂತಿದ್ರು. ಸಾಯೋವರೆಗೂ ಅಂತಿದ್ರು.”

“ಇಲ್ಲ, ನಿಜವಾಗ್ಲೂ ಗೊತ್ತಿಲ್ಲ! ಅವತ್ತು ಕುಡಿದಿದ್ದೆ!”

“ಕುಡಿದಾಗ್ಲೂ ಅಷ್ಟು ಚುರುಕು ಅಂದ್ರೆ!” ಅಧ್ಯಕ್ಷರು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. “ಕೇಳಿಸ್ಕೊಂಡ್ಯಾ?”

ಕೇಳಿಸಿಕೊಂಡೆ ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ತೊಗಾಶಿ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಂದಕ್ಕೆ ತಳ್ಳಿದ. ಅಧ್ಯಕ್ಷರು ಮುಂದಕ್ಕೆ ತಳ್ಳಿದರು. ಮೂರು ಸಲ ಆಯಿತು. ನಾಲ್ಕನೇ ಸಲ ತಳ್ಳಿದರೆ ಅವಮಾನವಾಗುತ್ತದೆ, ಹಾಗಾಗಿ ಪೆಟ್ಟಿಗೆ ಅಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಹೇಗಾದರೂ ಹಿಂತಿರುಗಿಸಿ ಕೈತೊಳೆದುಕೊಳ್ಳೋಣ ಎಂದು ಅವನು ಎದ್ದರೆ ಪೆಟ್ಟಿಗೆ ಖಾಲಿ. ಹಣ್ಣು ಕೇರಿಯ ಮುದುಕಿಯರಿಗೆ ಹಂಚಿಹೋಗಿತ್ತು. ಮೇಲಾಗಿ ಫುಸಾಎ ಕ್ರಮಪ್ರಕಾರ ಅಧ್ಯಕ್ಷರ ಮನೆಗೆ ಪ್ರತಿಯಾಗಿ ಒಳ್ಳೆಯ ಕಾಗದದಲ್ಲಿ ಸುತ್ತಿದ ಉಪ್ಪಿನಕಾಯಿ ಕಳಿಸಿದ್ದಳು. ಕೊಟ್ಟದ್ದಕ್ಕೆ ಮರುಕಾಣಿಕೆ ಹೋಯಿತೆಂದರೆ ಮಾತು ಒಪ್ಪಿಕೊಂಡಂತೆಯೇ.

“ಏನೇ ಮಾಡಿದೆ ನೀನು!”

“ಏನ್ ಮಾಡಿದೆ? ಮರ್ಯಾದೆ ಉಳಿಸಿದೆ. ಆ ಮೂಗಿಂದ ಸೊಂಟ ಉಳಿಯೋದಾದ್ರೆ ಉಳೀಲಿ ಬಿಡಿ” ಎಂದಳು ಫುಸಾಎ.

ಅಲ್ಲಿಂದ ತೊಗಾಶಿಗೆ ಅತ್ತ ದರಿ ಇತ್ತ ಪುಲಿ. ಅಂಗಡಿಗೆ ಬಂದವರೆಲ್ಲ ಮೂಲಂಗಿ ತೂಗಿಸಿಕೊಳ್ಳುತ್ತ ಅವನ ಮೂಗನ್ನೇ ನೋಡುತ್ತಿದ್ದರು. ಮೀನಂಗಡಿಯ ಎಪ್ಪತ್ತು ದಾಟಿದ ಸುಗಾಯಾ ಬಂದು, “ಈ ಸಲ ಸಪೂರದ್ದೇ ಅಲ್ವಾ?” ಎಂದರೆ, “ಹೌದೌದು, ನೀವು ಹೇಳೋದೇ ಸರಿ.” ಅಧ್ಯಕ್ಷರ ಸೊಸೆ ಮಿತ್ಸುಎ ಬಂದು, “ಅಗಲದ್ದೇ ಅನ್ಸುತ್ತೆ” ಎಂದರೆ, “ಹೌದೌದು, ಅಗಲದ್ದೇ.” ಗಿರಾಕಿಗೆ ಎದುರು ಮಾತಾಡುವುದು ಅವನ ವಂಶದಲ್ಲೇ ಇರಲಿಲ್ಲ. ಇಬ್ಬರೂ ಖುಷಿಯಾಗಿ ಹೋಗಿ ಬೀದಿಯಲ್ಲಿ ಎದುರುಬದುರಾಗಿ ಜಗಳ ಶುರುಮಾಡಿದರು. ಮಾತು ಬೇರೆಬೇರೆಯಾದದ್ದನ್ನು ಕೇಳಿ ಅಧ್ಯಕ್ಷರು, “ಗುಟ್ಟು ಬಿಟ್ಟುಕೊಡ್ತಿಲ್ಲ, ಜಾಣ” ಎಂದು ಮೆಚ್ಚಿಕೊಂಡರು.

ಶುಕ್ರವಾರ ಕೆಳಕೇರಿಯ ಅಧ್ಯಕ್ಷ ಓತಾಕಿಯೇ ಸ್ವತಃ ಬಂದ. ಆರು ವರ್ಷ ಗೆದ್ದವನ ನಡಿಗೆಯೇ ಬೇರೆ. ಎರಡು ಮೂಲಂಗಿ ಸಾಕಾಗಿದ್ದವನು ಹತ್ತು ಕೊಂಡ.

“ತೊಗಾಶಿ ಸಾನ್, ನಾನು ಕೇಳಬಾರದು. ಆದ್ರೂ ಕೇಳ್ತೀನಿ. ಭಾನುವಾರ ಹೊಸಾ ಹಿಮ ಬೀಳುತ್ತೆ, ಅಗಲದ ಹಲಗೆನೇ ಸರಿ ಅಂತ ನಂಗನ್ಸುತ್ತೆ. ಏನಂತೀರಿ?”

ತೊಗಾಶಿಯ ಬಾಯಿ ಅದರ ಪಾಡಿಗೆ ತೆರೆಯಿತು. “ಹೌದೌದು, ನೀವು ಹೇಳೋದೇ ಸರಿ.”

ಓತಾಕಿ ಹಾರಿಕೊಂಡೇ ಹೋದ. ನನ್ನ ಗಾಜಿನ ಬಾಗಿಲಿನಿಂದ ನೋಡಿದೆ, ಒಂದು ಮೂಲಂಗಿ ಬೀದಿಯಲ್ಲಿ ಬಿದ್ದರೂ ಎತ್ತಿಕೊಳ್ಳಲಿಲ್ಲ.

ಶನಿವಾರ ಬೆಳಗಾದಾಗ ತೊಗಾಶಿಗೆ ಭಾರೀ ನೆಗಡಿ. ಮೂಗಿನ ಎರಡೂ ಹೊಳ್ಳೆ ಬಂದ್. ಇಷ್ಟು ಸಂತೋಷ ಅವನ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. ಹಾಸಿಗೆಯಲ್ಲೇ ಕೂತು, “ಅಧ್ಯಕ್ಷರಿಗೆ ಹೇಳಪ್ಪ, ಮೂಗು ಕಟ್ಟಿದೆ, ಏನೂ ಗೊತ್ತಾಗ್ತಿಲ್ಲ. ಕ್ಷಮೆ ಕೇಳ್ದೆ ಅಂತ ಹೇಳು” ಎಂದ.

ನಾನು ಹೇಳಿದೆ. ಹತ್ತು ನಿಮಿಷದಲ್ಲಿ ಮೇಲ್ಕೇರಿಯೆಲ್ಲ ಅವನ ಕೋಣೆಯಲ್ಲಿತ್ತು. ಒಬ್ಬಳು ಸುಟ್ಟ ಈರುಳ್ಳಿಕಾಂಡವನ್ನು ಬಟ್ಟೆಯಲ್ಲಿ ಸುತ್ತಿ ಅವನ ಕುತ್ತಿಗೆಗೆ ಕಟ್ಟಿದಳು. ಇನ್ನೊಬ್ಬಳು ಶುಂಠಿ ಕಷಾಯ ಕುಡಿಸಿದಳು. ಸುಗಾಯಾ ಬೆಳ್ಳುಳ್ಳಿ ಜಜ್ಜಿ ಹೊಳ್ಳೆಯ ಹತ್ತಿರ ಹಿಡಿದ. ತೊಂಬತ್ತು ದಾಟಿದ ಅಜ್ಜಿಯೊಬ್ಬಳು ಅವನ ಮೂಗಿನ ಮೇಲೆ ಬೆಚ್ಚಗಿನ ಕೈ ಇಟ್ಟು ಕಣ್ಣೀರು ಹಾಕಿದಳು. ಆರು ಚಳಿಗಾಲ ಅವನ ಸೊಂಟಕ್ಕೆ ಯಾರೂ ಇಷ್ಟು ಮಾಡಿರಲಿಲ್ಲ.

“ಇದೇ ಮೂಗು ಸೊಂಟದ ಹತ್ರ ಇದ್ದಿದ್ರೆ ಚೆನ್ನಾಗಿತ್ತು” ಎಂದಳು ಫುಸಾಎ.

ಮಧ್ಯಾಹ್ನವೆಲ್ಲ ಜಿನುಗು ಮಳೆ. ನಾಲ್ಕೂವರೆಯಾದರೂ ಮೂಗು ತೆರೆಯಲಿಲ್ಲ. ಬೇರೆ ದಾರಿಯಿಲ್ಲದೆ ಈರುಳ್ಳಿಕಾಂಡದ ಸಮೇತ ಅವನನ್ನು ಪುರಸಭೆಗೆ ನಡೆಸಿಕೊಂಡು ಹೋದೆವು. ಕಿಟಕಿಯ ಹಿಂದೆ ಯಾಹಾಗಿ ಎಂಬ ಹುಡುಗಿ ಕೂತಿದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷ, ನಿಯಮದ ಪುಸ್ತಕ ಬಾಯಿಪಾಠ. ಅಧ್ಯಕ್ಷರು ಅರ್ಧ ತುಂಬಿಸಿದ್ದ ಅರ್ಜಿಯನ್ನು ಓದಿದಳು.

“‘ಆಯ್ಕೆಗೆ ಆಧಾರ’ ಅನ್ನೋ ಕಡೆ ಮೂಗು ಅಂತ ಬರ್ದಿದ್ದೀರಿ.”

“ಹೌದಮ್ಮ” ಎಂದರು ಅಧ್ಯಕ್ಷರು.

“ಇಲ್ಲಿ ಎರಡೇ ಇರೋದು. ಹವಾಮಾನ ವರದಿ, ಇಲ್ಲ ಅನುಭವ.”

“ಮೂಗು ಅನುಭವದ ಕೆಳಗೆ ಬರಲ್ವಾ?”

ಯಾಹಾಗಿ ಪುಸ್ತಕ ತಿರುವಿದಳು. “ಬರಬಹುದು. ಎಷ್ಟು ವರ್ಷದ ಅನುಭವ?”

“ಐವತ್ತೇಳು” ಎಂದಳು ಫುಸಾಎ. “ಹುಟ್ಟಿದಾಗಿಂದ ಇದೇ ಮೂಗು.”

ಯಾಹಾಗಿ ಐವತ್ತೇಳು ಎಂದು ಬರೆದುಕೊಂಡಳು. ಆಮೇಲೆ ಅರ್ಜಿಯನ್ನು ತೊಗಾಶಿಯ ಮುಂದಿಟ್ಟು, ಸಪೂರಕ್ಕೆ ಒಂದು ಚೌಕ, ಅಗಲಕ್ಕೆ ಒಂದು ಚೌಕ, ಯಾವುದಾದರೂ ಒಂದರಲ್ಲಿ ಮುದ್ರೆ ಒತ್ತಿ ಎಂದಳು. ತೊಗಾಶಿ ಮುದ್ರೆಯನ್ನು ಕೆಂಪು ಮಸಿಗೆ ಅದ್ದಿ ಎತ್ತಿದ. ಕೈ ಎಡಕ್ಕೆ ಹೋಯಿತು. ಸುಗಾಯಾ “ಆಹಾ” ಎಂದ. ಕೈ ಬಲಕ್ಕೆ ಬಂತು. ಮಿತ್ಸುಎ “ಆಹಾ” ಎಂದಳು. ಗಡಿಯಾರ ನಾಲ್ಕು ಐವತ್ತೊಂಬತ್ತು ತೋರಿಸುತ್ತಿತ್ತು. ಬೆಳ್ಳುಳ್ಳಿ ಆ ಹೊತ್ತಿಗೆ ಕೆಲಸ ಮಾಡಿತು. ತೊಗಾಶಿ ಕಟ್ಟಡವೇ ಅದುರುವಂತೆ ಸೀನಿದ, ಮುದ್ರೆ ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಢಂ ಎಂದು ಬಿತ್ತು.

ಹೊರಗೆ ಊರಿನ ಧ್ವನಿವರ್ಧಕ ಐದು ಗಂಟೆಯ ಸಂಗೀತ ಹಾಡಿತು.

“ಇನ್ನೊಂದು ಅರ್ಜಿ ಕೊಡಮ್ಮ” ಎಂದರು ಅಧ್ಯಕ್ಷರು, ಸಣ್ಣ ದನಿಯಲ್ಲಿ.

“ಐದಾಯ್ತು. ಮುದ್ರೆ ಎರಡೂ ಚೌಕದ ಮೇಲಿದೆ, ಅಂದ್ರೆ ಎರಡನ್ನೂ ಆರಿಸಿದ್ದೀರಿ. ಒಬ್ಬರಿಗೆ ಎರಡು ಹಲಗೆಗಿಂತ ಜಾಸ್ತಿ ಕೊಡೋ ಅಧಿಕಾರ ನಂಗಿಲ್ಲ. ಒಂದು ಸಪೂರ, ಒಂದು ಅಗಲ. ಬೆಳಿಗ್ಗೆ ಎಂಟಕ್ಕೆ ಬಂದು ತಗೊಂಡ್ಹೋಗಿ.”

ತೊಗಾಶಿ ಮೂಗು ಒರೆಸಿಕೊಂಡು, “ತಪ್ಪಾಯ್ತು, ತಪ್ಪಾಯ್ತು” ಎಂದು ಸೊಂಟ ಹಿಡಿದುಕೊಂಡೇ ಎಲ್ಲರಿಗೂ ಬಾಗಿದ. ಅಧ್ಯಕ್ಷರು ಅವನ ಭುಜದ ಮೇಲೆ ಕೈ ಇಟ್ಟರು.

“ಮಾತಾಡ್ಬೇಡಿ. ನಮಗೆ ಅರ್ಥ ಆಗ್ದೇ ಇರೋದು ನಮ್ಮ ದಡ್ಡತನ.”

ರಾತ್ರಿ ಮೋಡ ಸರಿದು ಗುಡ್ಡವೆಲ್ಲ ಹೆಪ್ಪುಗಟ್ಟಿತು. ಭಾನುವಾರ ಬೆಳಿಗ್ಗೆ ಶಾಲೆಯ ಹಿಂದಿನ ಇಳಿಜಾರು ಕನ್ನಡಿಯಾಗಿತ್ತು. ಸಾಲದ್ದಕ್ಕೆ, ಶಾಲೆಯ ಅಂಗಳದ ಹಿಮ ತೆಗೆಯಲು ಯಂತ್ರ ಓಡಿಸಿದವರು ಅದು ಉಗುಳಿದ ಪುಡಿಹಿಮವನ್ನೆಲ್ಲ ಗುರಿಗೆರೆಯ ಮುಂದೆಯೇ ತೂರಿ ಗುಡ್ಡೆ ಹಾಕಿದ್ದರು. ಕೆಳಕೇರಿಯ ಮೂವರು ಹುಡುಗರು ಅಗಲದ ಹಲಗೆ ಕಟ್ಟಿ ನಿಂತಿದ್ದರು. ಮೇಲ್ಕೇರಿಯಿಂದ ನಾನು, ಸುಗಾಯಾ, ಮಿತ್ಸುಎ. ಮೂವರಿಗೂ ಒಂದು ಕಾಲಿಗೆ ಸಪೂರ, ಇನ್ನೊಂದಕ್ಕೆ ಅಗಲ. ಮೂವರೂ ಕೆಳಗೆ ಮುಟ್ಟಿದ ಕೇರಿ ಗೆದ್ದಂತೆ, ಎರಡೂ ಕೇರಿ ಮುಟ್ಟಿದರೆ ಗಡಿಯಾರ ಹೇಳಿದಂತೆ.

ಕೆಳಕೇರಿಯ ಮೊದಲ ಹುಡುಗ ಬಾಣದಂತೆ ಹೊರಟ. ಮೊದಲ ತಿರುವಿನಲ್ಲಿ ಅಗಲದ ಹಲಗೆ ಮಂಜುಗಡ್ಡೆಯನ್ನು ಕಚ್ಚದೆ, ಅವನು ಅಡ್ಡಡ್ಡ ಜಾರಿ ಬೇಲಿಯ ಬಲೆಗೆ ಹೋಗಿ ಸಿಕ್ಕಿಕೊಂಡ. ಎರಡನೆಯವನು ಅವನ ಮೇಲೆ. ಮೂರನೆಯವನು ಹುಷಾರಾಗಿ ಹೊರಟು ಹುಷಾರಾಗಿಯೇ ಅವರಿಬ್ಬರ ಮೇಲೆ ಬಿದ್ದ. ಓತಾಕಿ ಕೆಳಗಿನಿಂದ, “ಅವರೇ ಅಂದ್ರಲ್ಲ ಅಗಲ ಅಂತ! ಅವರೇ ಅಂದ್ರಲ್ಲ!” ಎಂದು ಕೂಗುತ್ತಿದ್ದ.

ನಾನು ಹೊರಟೆ. ಹತ್ತು ಹೆಜ್ಜೆಗೆ ಬಿದ್ದೆ. ಎದ್ದಾಗ ತಿಳಿಯಿತು: ಸಪೂರದ ಕಾಲೂರಿದರೆ ಹಲಗೆ ಕಚ್ಚಿ ನಿಲ್ಲುತ್ತದೆ, ಅಗಲದ ಕಾಲೂರಿದರೆ ಜಾರುತ್ತದೆ. ಹಾಗಾಗಿ ಅಗಲದ ಕಾಲನ್ನು ಮೇಲೆತ್ತಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ಇಳಿದೆ. ಕೆಳಗಿನ ಪುಡಿಹಿಮದ ಗುಡ್ಡೆಗೆ ಬಂದಾಗ ಸಪೂರದ ಕಾಲು ಮೊಣಕಾಲವರೆಗೆ ಹೂತಿತು. ಕಾಲು ಬದಲಾಯಿಸಿದೆ, ಅಗಲದ್ದು ತೇಲಿತು. ಬಸವನ ಹುಳುವಿಗೂ ನಾಚಿಕೆಯಾಗುವ ವೇಗದಲ್ಲಿ ಗೆರೆ ದಾಟಿದೆ. ನನ್ನನ್ನು ನೋಡಿ ಉಳಿದಿಬ್ಬರೂ ಹಾಗೆಯೇ ಬಂದರು. ಏಳು ವರ್ಷಕ್ಕೆ ಮೊದಲ ಸಲ ಮೇಲ್ಕೇರಿ ಗೆದ್ದಿತು.

ಅಧ್ಯಕ್ಷರು ತೊಗಾಶಿಯ ಎರಡೂ ಕೈ ಹಿಡಿದುಕೊಂಡರು. “ಮೇಲೆ ಗಟ್ಟಿ, ಕೆಳಗೆ ಮೆತ್ತಗೆ ಅಂತ ನಿನ್ನೇನೇ ಗೊತ್ತಿತ್ತು! ಶತ್ರು ಮುಖದ ಮೇಲೇ ಅಗಲ ಅಂದು ಕಳಿಸಿದ್ರಲ್ಲ, ತೊಗಾಶಿ ಸಾನ್!”

“ಅಯ್ಯೋ, ನಂಗೆ ಸೀನು ಬಂತು ಅಷ್ಟೇ! ನಂಗೇನೂ ಗೊತ್ತಿಲ್ಲ, ದೇವರಾಣೆ ಗೊತ್ತಿಲ್ಲ!” ತೊಗಾಶಿ ಬಹುತೇಕ ಅಳುತ್ತಿದ್ದ. ಸುತ್ತ ನಿಂತ ಎರಡೂ ಕೇರಿಯವರು ಅವನಿಗೆ ತುಂಬ ಹೊತ್ತು ಬಾಗಿದರು. ಫುಸಾಎ ಮಾತ್ರ ಬಾಗಲಿಲ್ಲ. ಗಂಡನ ತೋಳು ಹಿಡಿದು, “ಸೊಂಟ ಉಳೀತು, ಅಷ್ಟು ಸಾಕು, ನಡೀರಿ ಮನೆಗೆ” ಎಂದು ಎಳೆದುಕೊಂಡು ಹೋದಳು. ಅವತ್ತು ಅವಳು ನಕ್ಕದ್ದು ನೋಡಿ ನನಗೂ ನಿಜವಾಗಿ ಸಂತೋಷವಾಯಿತು.

ಒಂದು ವಾರಕ್ಕೆ ಭಾರೀ ಹಿಮ ಬಿತ್ತು. ಬೆಳಿಗ್ಗೆ ಏಳಕ್ಕೆ ಓತಾಕಿ ಬಂದು ತೊಗಾಶಿಯ ಬಾಗಿಲಲ್ಲಿ ಬಾಗಿ ನಿಂತ. ಸೋತವರು ಛಾವಣಿ ಹತ್ತಲು ಸಿದ್ಧ. ಆದರೆ ಮೇಲಿನ ಹಿಮ ಪದರ ಪದರವಾಗಿದೆ, ಯಾವುದಕ್ಕೆ ಅಗಲ ಸಲಿಕೆ, ಯಾವುದಕ್ಕೆ ಸಪೂರ ಸಲಿಕೆ ಎಂದು ದೊಡ್ಡವರು ಮೇಲೆ ಬಂದು ಒಂದು ಮಾತು ಹೇಳಬೇಕು. ಕೈಯಲ್ಲಿ ಕಾಣಿಕೆಯ ಪೆಟ್ಟಿಗೆ. ಫುಸಾಎ ಸ್ನಾನದ ಮನೆಯಲ್ಲಿದ್ದಳು. ತೊಗಾಶಿ ಪೆಟ್ಟಿಗೆಯನ್ನು ಮೂರು ಸಲ ತಳ್ಳಿದ.

ನಾನು ಅಂಗಡಿ ತೆರೆದಾಗ ಅವನು ಆಗಲೇ ಛಾವಣಿಯ ಮೇಲಿದ್ದ. ಸ್ವಲ್ಪ ಹೊತ್ತು ಕೈಕಟ್ಟಿ ನಿಂತು ನೋಡಿದ. ಕೆಳಕೇರಿಯ ಐವರು ಬೆವರು ಸುರಿಸುವಾಗ ಸುಮ್ಮನೆ ನಿಲ್ಲುವುದು ಹೇಗೆ? ಒಬ್ಬ ಉಸಿರು ತೆಗೆದುಕೊಳ್ಳಲು ನಿಂತಾಗ ಅವನ ಸಲಿಕೆ ಇಸಿದುಕೊಂಡ. ಹತ್ತು ಗಂಟೆಯ ಹೊತ್ತಿಗೆ ಎಲ್ಲರಿಗಿಂತ ಜಾಸ್ತಿ ಎತ್ತುತ್ತಿದ್ದವನು ಅವನೇ. ಕೆಳಗೆ ನಿಂತ ನಮ್ಮ ಅಧ್ಯಕ್ಷರು, “ಗೆದ್ದೂ ಎಷ್ಟು ವಿನಯ ನೋಡಿ. ಇನ್ಮೇಲೆ ಪ್ರತಿ ಸಲಾನೂ ಇವರೇ ಮೇಲಿರಬೇಕು” ಎಂದು ತೀರ್ಮಾನ ಕೊಟ್ಟರು. ಎರಡೂ ಕೇರಿಯವರು ಒಪ್ಪಿದರು. ಎರಡೂ ಕೇರಿ ಒಂದು ಮಾತಿಗೆ ಒಪ್ಪಿದ್ದು ನನ್ನ ನೆನಪಿನಲ್ಲಿ ಇದೊಂದೇ.

ಅಷ್ಟರಲ್ಲಿ ಫುಸಾಎ ಒದ್ದೆ ಕೂದಲಲ್ಲೇ ಓಡಿ ಬಂದಳು.

“ಓತಾಕಿ ಸಾನ್, ಪಂದ್ಯ ಸೋತೋರು ಯಾರು?”

“ನಾವೇ ತಾಯಿ. ಅದಕ್ಕೇ ಮೇಲಿದ್ದೀವಿ” ಎಂದ ಓತಾಕಿ, ಬಹಳ ಪ್ರಾಮಾಣಿಕವಾಗಿ.

“ಮತ್ತೆ ಇವರು?”

ಮೇಲಿದ್ದವರು ಕೆಳಗೆ ನೋಡಿದರು, ಕೆಳಗಿದ್ದವರು ಮೇಲೆ ನೋಡಿದರು. ಅಧ್ಯಕ್ಷರು ಆಕಾಶ ನೋಡಿದರು. ನನಗೆ ನಾಚಿಕೆಯಾಗಿ ಅಂಗಡಿಯೊಳಕ್ಕೆ ಹೋದೆ. ತೊಗಾಶಿ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, “ಇದೊಂದು ಮೂಲೆ ಮುಗಿಸಿ ಬಂದೆ ಕಣೇ” ಎಂದು ಇನ್ನೊಂದು ಸಲಿಕೆ ಹಿಮ ಕೆಳಗೆ ಎಸೆದ.